ಸುಮಾರು ಎಂಟು ವರ್ಷ ಹಿರಿಯರು, ಬೇಸಿಕ್ ಮಾತ್ರ ಒಂದೇ: ಪೊಲೀಸ್ ಮನೆಯಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ:

ನಮಸ್ಕಾರ ಸರ್. ನಾವು ಗದಗದವರು. ನಮ್ಮ ಮನೆಯವರು ಜಿಲ್ಲಾ ಪೊಲೀಸ್‌ನಲ್ಲಿ ಸಿವಿಲ್ ಕಾನ್‌ಸ್ಟೆಬಲ್. 2012ರ ಜನವರಿಯಲ್ಲಿ ಸೇರಿದವರು, ಇನ್ನೂ ಬಡ್ತಿ ಆಗಿಲ್ಲ. ನಮ್ಮ ಓಣಿಯ ಹುಡುಗನೊಬ್ಬ 2019ರ ಕೊನೆಗೆ ಹುಬ್ಬಳ್ಳಿ-ಧಾರವಾಡ ಕಮಿಷನರೇಟ್‌ನಲ್ಲಿ ಕಾನ್‌ಸ್ಟೆಬಲ್ ಆದ. 2024ರ ಆಗಸ್ಟ್ ತಿಂಗಳ ಪೇ ಸ್ಲಿಪ್ ಇಟ್ಟು ನೋಡಿದರೆ ಇಬ್ಬರ ಬೇಸಿಕ್ಕೂ 41,300. ಕೈಗೆ ಬರೋದು ಅವನಿಗೇ ಜಾಸ್ತಿ. 2020ರ ಕೊನೆಗೆ ಡ್ಯೂಟಿಗೆ ತಡವಾಗಿ ಹೋದರೆಂದು ನಮ್ಮ ಮನೆಯವರಿಗೆ ಒಂದು ಇನ್‌ಕ್ರಿಮೆಂಟ್ ಕಟ್ ಮಾಡಿದ್ದರು. ಆ ಆದೇಶದ ಪ್ರತಿ ಕಳಿಸಿದ್ದೇನೆ. ಕೇಳಲು ಹೋದರೆ ಹಳೆಯದನ್ನೆಲ್ಲ ಕೆದಕಿ ವಸೂಲಿ ಹಾಕುತ್ತಾರೆ ಅಂತ ಅವರು ಸುಮ್ಮನಿದ್ದಾರೆ. ಪೊಲೀಸರು ಸಂಘ ಕಟ್ಟುವ ಹಾಗಿಲ್ಲವಂತೆ. ಇಂಗ್ಲೆಂಡಿನ ಪೊಲೀಸರು ಸಂಬಳಕ್ಕಾಗಿ ಮೆರವಣಿಗೆ ಮಾಡಿದ್ದರಂತೆ. ಹಾಗಾದರೆ ನಾವು ಹೆಂಗಸರಾದರೂ ಡಿಸಿ ಆಫೀಸ್ ಮುಂದೆ ಕೂರಬಹುದಾ? ನಮ್ಮ ಮಾವನವರು ಎಎಸ್‌ಐ ಆಗಿ 2021ರ ಜೂನ್ 30ಕ್ಕೆ ನಿವೃತ್ತರಾದರು. ಅವರ ಇನ್‌ಕ್ರಿಮೆಂಟ್ ಜುಲೈ 1ಕ್ಕೆ ಇತ್ತು. ಒಂದೇ ದಿನದಲ್ಲಿ ಹೋಯಿತು ಅಂತ ಈಗಲೂ ನೊಂದುಕೊಳ್ಳುತ್ತಾರೆ. ಇದಕ್ಕೇನಾದರೂ ದಾರಿ ಇದೆಯಾ?

ಉತ್ತರ:

ತಂಗಿ, ನೀವು ಒಂದೇ ಪ್ರಶ್ನೆ ಅಂತ ಬರೆದಿದ್ದೀರಿ. ಆದರೆ ನೀವು ಕಳಿಸಿದ ಕಾಗದಗಳಲ್ಲಿ ಮೂರು ಬೇರೆ ಬೇರೆ ಅನ್ಯಾಯಗಳಿವೆ. ಒಂದನ್ನು ಸರ್ಕಾರವೇ ಸರಿಪಡಿಸಬೇಕು. ಒಂದು ಎಸ್‌ಪಿ ಆಫೀಸಿನ ಲೆಕ್ಕದಲ್ಲಿ ಸರಿಹೋಗಬೇಕು. ಮಾವನವರದ್ದು ಸುಪ್ರೀಂ ಕೋರ್ಟ್‌ನಲ್ಲಿ ಆಗಲೇ ತೀರ್ಮಾನವಾಗಿದೆ. ಇವನ್ನು ಕಲಸಿ ಒಂದೇ ಅರ್ಜಿ ಬರೆದರೆ ಮೂರೂ ಕೆಡುತ್ತವೆ.

ಮೊದಲು ಲೆಕ್ಕ. ಪೊಲೀಸ್ ಮನೆಗಳಲ್ಲಿ ಸಂಬಳದ ಬಗ್ಗೆ ಸಿಟ್ಟು ಇರುತ್ತದೆ, ಲೆಕ್ಕ ಇರುವುದಿಲ್ಲ. ಸಿಟ್ಟನ್ನು ಯಾರೂ ಕಡತಕ್ಕೆ ಹಾಕಿಕೊಳ್ಳುವುದಿಲ್ಲ. ಅದಕ್ಕೇ ನಿಮ್ಮ ಮನೆಯವರ ಬೇಸಿಕ್ ಹೇಗೆ ನಡೆದುಬಂತು ಅಂತ ವರ್ಷ ವರ್ಷ ಹಿಡಿದು ನೋಡೋಣ.

2012ರಲ್ಲಿ ಕಾನ್‌ಸ್ಟೆಬಲ್ ಸ್ಕೇಲ್ 11,600ರಿಂದ ಶುರುವಾಗುತ್ತಿತ್ತು. ವರ್ಷಕ್ಕೊಂದು ಇನ್‌ಕ್ರಿಮೆಂಟ್, ಮೊದಲು 200, ಆಮೇಲೆ 250. ಐದು ಇನ್‌ಕ್ರಿಮೆಂಟ್ ಆಗಿ 2017ರ ಜನವರಿಗೆ ಅವರ ಬೇಸಿಕ್ 12,750 ಆಯಿತು. ಆಗ ಬಂತು ಆರನೇ ವೇತನ ಆಯೋಗ. 2017ರ ಜುಲೈ 1ರ ಬೇಸಿಕ್‌ಗೆ ಶೇ 45.25 ತುಟ್ಟಿಭತ್ಯೆ ಸೇರಿಸಿ, ಜೊತೆಗೆ ಅದೇ ಬೇಸಿಕ್‌ನ ಶೇ 30ರಷ್ಟು ಫಿಟ್‌ಮೆಂಟ್, ಅಂದರೆ ಪರಿಷ್ಕರಣೆಯ ಏರಿಕೆ, ಕೊಟ್ಟರು. 12,750ಕ್ಕೆ ಲೆಕ್ಕ ಹಾಕಿದರೆ 22,344 ಬರುತ್ತದೆ. ಮುಂದಿನ ಹಂತ 22,400. ಅಲ್ಲಿಗೆ ಅವರ ವೇತನ ನಿಗದಿಯಾಯಿತು. ಸರಿಯೇ ಅಲ್ವಾ ಅನಿಸುತ್ತದೆ. ಆದರೆ ಹೊಸ ಸ್ಕೇಲ್‌ನ ಕನಿಷ್ಠವೇ 21,400 ಇತ್ತು. ಅಲ್ಲಿಂದ 21,900, ಆಮೇಲೆ 22,400. ಅಂದರೆ ಐದು ವರ್ಷ ದುಡಿದು ಗಳಿಸಿದ ಐದು ಇನ್‌ಕ್ರಿಮೆಂಟ್ ಹೊಸ ಸ್ಕೇಲ್‌ನಲ್ಲಿ ಎರಡಾಗಿ ಕುಗ್ಗಿತು.

ಇದು ಮೊದಲನೆಯ ಹೊಡೆತ. ಆಗ ಎಲ್ಲರ ಸಂಬಳವೂ ಏರಿದ್ದರಿಂದ ಯಾರ ಗಮನಕ್ಕೂ ಬರಲಿಲ್ಲ.

2018ರ ಜನವರಿಗೆ 22,950. 2019ರ ಜನವರಿಗೆ 23,500. ಅದೇ ವರ್ಷ ಔರಾದ್ಕರ್ ವರದಿಯ ಆಧಾರದ ಮೇಲೆ ಪೊಲೀಸರ ವೇತನ ಪರಿಷ್ಕರಣೆ ಆಯಿತು. 2016ರ ಜೂನ್ 4ರಂದು ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆ ಅಂತ ರಾಜ್ಯವೆಲ್ಲ ಗದ್ದಲವಾಗಿತ್ತಲ್ಲ, ಆಮೇಲೆ ಹಿರಿಯ ಐಪಿಎಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಅದು ಜಾರಿಗೆ ಬರಲು ಸುಮಾರು ಮೂರು ವರ್ಷ ಹಿಡಿಯಿತು. 2019ರ ಆಗಸ್ಟ್ 1ರಿಂದ ಕಾನ್‌ಸ್ಟೆಬಲ್ ಸ್ಕೇಲ್ 21,400ರ ಬದಲು 23,500ರಿಂದ ಶುರುವಾಯಿತು. ಹಳೆಯ ಸ್ಕೇಲ್ 42,000ಕ್ಕೆ ಮುಗಿಯುತ್ತಿತ್ತು, ಹೊಸದು 47,650ಕ್ಕೆ.

ಈಗ ನಿಮ್ಮ ಮನೆಯವರನ್ನು ಅಲ್ಲಿ ನಿಲ್ಲಿಸಿ ನೋಡಿ. ಆಗಲೇ ಅವರ ಬೇಸಿಕ್ 23,500. ಹೊಸ ಸ್ಕೇಲ್‌ನ ಕನಿಷ್ಠವೂ 23,500. ಅದೇ ಹಂತ ಹೊಸ ಸ್ಕೇಲ್‌ನಲ್ಲಿ ಇದೆ, ಆದ್ದರಿಂದ ಅಲ್ಲೇ ನಿಗದಿ. ಕೈಗೆ ಬಂದದ್ದು ಸೊನ್ನೆ. ನಿಮ್ಮ ಓಣಿಯ ಹುಡುಗ ಆ ವರ್ಷದ ಕೊನೆಗೆ ಸೇರಿದ. ಮೊದಲ ದಿನವೇ 23,500. ಏಳೂವರೆ ವರ್ಷ ರಾತ್ರಿ ಗಸ್ತು, ಜಾತ್ರೆ ಬಂದೋಬಸ್ತು, ಗಣಪತಿ ಹಬ್ಬಕ್ಕೆ ಹುಬ್ಬಳ್ಳಿಗೆ ಹೋಗಿ ಕಲ್ಯಾಣ ಮಂಟಪದಲ್ಲಿ ಮಲಗಿದ್ದು, ಇಷ್ಟೂ ಲೆಕ್ಕಕ್ಕೆ ಬರಲಿಲ್ಲ. 2020ರ ಜನವರಿಯಲ್ಲಿ ಇವರಿಗೆ ಒಂದು ಇನ್‌ಕ್ರಿಮೆಂಟ್ ಬಂದು 24,050 ಆದಾಗ ಇಬ್ಬರ ನಡುವೆ 550 ರೂಪಾಯಿ ಅಂತರ ಬಂತು. ಆ ಹುಡುಗನನ್ನು ದೂರಬೇಡಿ. ಅವನ 23,500 ನ್ಯಾಯವಾದ ಸಂಬಳವೇ. ತಪ್ಪಿದ್ದು ಹಿರಿಯರ ಸೇವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕ್ರಮದಲ್ಲಿ.

ಸ್ಕೇಲ್‌ನ ಕನಿಷ್ಠವನ್ನು ಮಾತ್ರ ಏರಿಸಿದಾಗ ಯಾವಾಗಲೂ ಹೀಗೇ ಆಗುತ್ತದೆ. ಕೆಳಗಿನ ನಾಲ್ಕು ಹಂತದಲ್ಲಿದ್ದವರೆಲ್ಲ ಒಂದೇ ಕಡೆ ಬಂದು ಸೇರುತ್ತಾರೆ. 21,400ರಲ್ಲಿದ್ದವನಿಗೆ ನಾಲ್ಕು ಇನ್‌ಕ್ರಿಮೆಂಟ್‌ನಷ್ಟು ಲಾಭ, 22,950ರಲ್ಲಿದ್ದವನಿಗೆ ಒಂದು, 23,500 ಮತ್ತು ಅದಕ್ಕೂ ಮೇಲಿದ್ದವನಿಗೆ ಏನೂ ಇಲ್ಲ. ಹೆಚ್ಚು ಸೇವೆ ಮಾಡಿದವನಿಗೆ ಕಡಿಮೆ ಲಾಭ. ಇದನ್ನು ತಪ್ಪಿಸಲು ದಾರಿ ಇತ್ತು. ಹೊಸ ಸ್ಕೇಲ್‌ಗೆ ತರುವಾಗ ಇಷ್ಟು ವರ್ಷದ ಸೇವೆಗೆ ಒಂದು ಹೆಚ್ಚುವರಿ ಇನ್‌ಕ್ರಿಮೆಂಟ್ ಅಂತ ಸೇರಿಸಿಬಿಟ್ಟಿದ್ದರೆ ಹಿರಿಯ ಹಿರಿಯನಾಗಿಯೇ ಉಳಿಯುತ್ತಿದ್ದ. ಕಷ್ಟ ಪರಿಹಾರ ಭತ್ಯೆ ಕೊಟ್ಟಿದ್ದೇವಲ್ಲ ಅಂತ ಕೆಲವರು ಹೇಳುತ್ತಾರೆ. ಭತ್ಯೆ ಬೇರೆ, ಬೇಸಿಕ್ ಬೇರೆ. ಭತ್ಯೆಯ ಮೇಲೆ ತುಟ್ಟಿಭತ್ಯೆ ಇಲ್ಲ, ಮುಂದಿನ ವೇತನ ಆಯೋಗದ ಫಿಟ್‌ಮೆಂಟ್ ಇಲ್ಲ. 2006ರ ಏಪ್ರಿಲ್ 1ರ ನಂತರ ಸೇರಿದ ನಿಮ್ಮ ಮನೆಯವರಂಥವರಿಗೆ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ವಂತಿಗೆ ಕಟ್ ಆಗುವುದೂ ಬೇಸಿಕ್ ಮತ್ತು ತುಟ್ಟಿಭತ್ಯೆಯ ಮೇಲೆ. ಬೇಸಿಕ್‌ನಲ್ಲಿ ಇವತ್ತು ತಪ್ಪಿದ ಒಂದು ಹಂತ ನಿವೃತ್ತಿಯ ದಿನದವರೆಗೂ, ಆಮೇಲೂ ಕಾಡುತ್ತದೆ.

ಕೋರ್ಟಿಗೆ ಹೋದರೆ ಇದು ಸರಿಹೋಗುತ್ತದಾ? ಧಾರವಾಡದಲ್ಲಿ ಕೂತು ಸೇವಾ ಪ್ರಕರಣ ನಡೆಸುವ ನನ್ನ ಬಳಿ ಈ ಪ್ರಶ್ನೆ ಬಂದಾಗಲೆಲ್ಲ ನೇರವಾಗಿಯೇ ಹೇಳುತ್ತೇನೆ. ಬರೀ ಇಬ್ಬರ ಬೇಸಿಕ್ ಒಂದೇ ಆಗಿದೆ ಅನ್ನುವುದರ ಮೇಲೆ ಕೇಸು ನಿಲ್ಲುವುದು ಕಷ್ಟ. ಯಾವ ಹುದ್ದೆಗೆ ಯಾವ ಸ್ಕೇಲ್ ಅನ್ನುವುದು ಸರ್ಕಾರ ಮತ್ತು ವೇತನ ಆಯೋಗ ನೋಡುವ ವಿಷಯ, ನಾವು ಕೈಹಾಕುವುದು ಅಪರೂಪಕ್ಕೆ ಅಂತ ಸುಪ್ರೀಂ ಕೋರ್ಟ್ ಹಿಂದಿನಿಂದಲೂ ಹೇಳುತ್ತಾ ಬಂದಿದೆ. ಹಿರಿಯನ ವೇತನವನ್ನು ಕಿರಿಯನ ಮಟ್ಟಕ್ಕೆ ಏರಿಸುವ ನಿಯಮ ಇದೆ, ನಿಜ. ಆದರೆ ಅದಕ್ಕೆ ಕಿರಿಯ ಹಿರಿಯನಿಗಿಂತ ಹೆಚ್ಚು ಪಡೆಯುತ್ತಿರಬೇಕು, ಸಮ ಆದರೆ ಸಾಲದು. ಇಬ್ಬರೂ ಒಂದೇ ವೃಂದದವರಾಗಿ, ಒಂದೇ ಜ್ಯೇಷ್ಠತಾ ಪಟ್ಟಿಯಲ್ಲಿ ಇರಬೇಕು. ಆ ವ್ಯತ್ಯಾಸ ನೇರವಾಗಿ ವೇತನ ನಿಗದಿಯಿಂದಲೇ ಬಂದಿರಬೇಕು.

ನೀವು ಹೋಲಿಸಿರುವ ಹುಡುಗ ಹುಬ್ಬಳ್ಳಿ-ಧಾರವಾಡ ಕಮಿಷನರೇಟ್‌ನವನು. ಗದಗ ಜಿಲ್ಲೆಯ ಕಾನ್‌ಸ್ಟೆಬಲ್‌ಗಳ ಜ್ಯೇಷ್ಠತಾ ಪಟ್ಟಿಯೇ ಬೇರೆ. ಸಶಸ್ತ್ರ ಪಡೆಯವರದ್ದೂ ಬೇರೆ. ಅವನ ಹೆಸರು ಹಾಕಿ ಅರ್ಜಿ ಕೊಟ್ಟರೆ ಆಫೀಸಿನವರು ಒಂದೇ ಸಾಲಿನಲ್ಲಿ ತಿರಸ್ಕರಿಸುತ್ತಾರೆ. ಅವನ ಕೈಗೆ ಜಾಸ್ತಿ ಬರುವುದಕ್ಕೂ ಅವನು ಕೆಲಸ ಮಾಡುವ ಊರೇ ಕಾರಣ. ಹುಬ್ಬಳ್ಳಿ-ಧಾರವಾಡಕ್ಕೆ ಮನೆ ಬಾಡಿಗೆ ಭತ್ಯೆಯ ದರ ಗದಗಕ್ಕಿಂತ ಹೆಚ್ಚು. ಅದನ್ನು ಈ ಜಗಳದಿಂದ ಬಿಟ್ಟುಬಿಡಿ. ಹೋಲಿಸುವುದಾದರೆ ಗದಗ ಜಿಲ್ಲೆಯ ಪಟ್ಟಿಯಲ್ಲೇ ನಿಮ್ಮ ಮನೆಯವರಿಗಿಂತ ಕೆಳಗಿರುವ, ಆದರೆ ಹೆಚ್ಚು ಬೇಸಿಕ್ ಪಡೆಯುತ್ತಿರುವ ಸಿವಿಲ್ ಕಾನ್‌ಸ್ಟೆಬಲ್ ಯಾರಾದರೂ ಇದ್ದಾರಾ ನೋಡಿ. ಪ್ರತಿ ಕಚೇರಿಯೂ ತನ್ನ ನೌಕರರ ಮಾಸಿಕ ವೇತನವನ್ನು ತಾನಾಗಿಯೇ ಪ್ರಕಟಿಸಬೇಕು ಅಂತ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಅಂಥವರು ಸಿಕ್ಕರೆ ಮಾತ್ರ ಈ ನಿಯಮದ ಕೆಳಗೆ ಕೇಳಬಹುದು.

ಇನ್ನು ಆ ಇನ್‌ಕ್ರಿಮೆಂಟ್ ಕಟ್ ಆದ ಆದೇಶ. ನನ್ನ ಪ್ರಕಾರ ನಿಮ್ಮ ಮನೆಯ ದುಡ್ಡು ನಿಜವಾಗಿ ಸಿಕ್ಕಿಬಿದ್ದಿರುವುದು ಇಲ್ಲೇ.

ಕರ್ನಾಟಕ ನಾಗರಿಕ ಸೇವಾ ನಿಯಮಗಳ ಪ್ರಕಾರ ವಾರ್ಷಿಕ ವೇತನ ಬಡ್ತಿ, ಅಂದರೆ ಇನ್‌ಕ್ರಿಮೆಂಟ್, ಯಾರೋ ಮನಸ್ಸು ಮಾಡಿ ಕೊಡುವ ಬಹುಮಾನ ಅಲ್ಲ. ವರ್ಷದ ಸೇವೆ ಮುಗಿದರೆ ತಾನಾಗಿ ಬರಬೇಕಾದದ್ದು. ತಡೆಯಬೇಕಾದರೆ ಆದೇಶ ಬೇಕು. ಪೊಲೀಸರ ವಿಷಯದಲ್ಲಿ ಆ ಆದೇಶ 1965ರ ಕರ್ನಾಟಕ ರಾಜ್ಯ ಪೊಲೀಸ್ ಶಿಸ್ತು ನಡಾವಳಿ ನಿಯಮಗಳ ಪ್ರಕಾರ ಬರಬೇಕು. ನೋಟಿಸ್ ಕೊಡಬೇಕು, ವಿವರಣೆ ಕೇಳಬೇಕು, ಅದನ್ನು ಓದಿ ಕಾರಣ ಬರೆದು ತೀರ್ಮಾನಿಸಬೇಕು.

ನೀವು ಕಳಿಸಿದ ಆದೇಶದ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. 'ಮುಂದಿನ ಒಂದು ವಾರ್ಷಿಕ ವೇತನ ಬಡ್ತಿಯನ್ನು ಸಂಚಿತ ಪರಿಣಾಮವಿಲ್ಲದಂತೆ ಒಂದು ವರ್ಷದ ಅವಧಿಗೆ ತಡೆಹಿಡಿಯಲಾಗಿದೆ' ಅಂತ ಇದೆ. ಈ 'ಸಂಚಿತ ಪರಿಣಾಮವಿಲ್ಲದಂತೆ' ಅನ್ನುವುದರ ಮೇಲೆ ನಿಮ್ಮ ಮನೆಯವರ ಉಳಿದ ಸೇವೆಯ ಸಂಬಳವೆಲ್ಲ ನಿಂತಿದೆ. ಸಂಚಿತ ಪರಿಣಾಮ ಇದ್ದರೆ ಆ ಇನ್‌ಕ್ರಿಮೆಂಟ್ ಕಾಯಂ ಆಗಿ ಹೋಯಿತು, ನಿವೃತ್ತಿಯವರೆಗೂ ಒಂದು ಹಂತ ಹಿಂದೆ. ಇಲ್ಲದಿದ್ದರೆ ಶಿಕ್ಷೆ ಆ ಒಂದು ವರ್ಷಕ್ಕೆ ಮಾತ್ರ. ವರ್ಷ ಮುಗಿದ ಕೂಡಲೇ ತಡೆದದ್ದನ್ನು ಬಿಟ್ಟು, ಆ ವರ್ಷದ ಹೊಸದನ್ನೂ ಸೇರಿಸಿ, ಶಿಕ್ಷೆಯೇ ಆಗಿಲ್ಲ ಅನ್ನುವ ಹಾಗೆ ಬೇಸಿಕ್ ಹಾಕಬೇಕು. ತಡೆಹಿಡಿದ ವರ್ಷದ ಹಣ ಮಾತ್ರ ವಾಪಸ್ ಬರುವುದಿಲ್ಲ. (ಸಂಚಿತ ಪರಿಣಾಮದೊಂದಿಗೆ ಇನ್‌ಕ್ರಿಮೆಂಟ್ ತಡೆಯುವುದು ದೊಡ್ಡ ಶಿಕ್ಷೆ, ಪೂರ್ಣ ಇಲಾಖಾ ವಿಚಾರಣೆ ಇಲ್ಲದೆ ಕೊಡುವ ಹಾಗಿಲ್ಲ ಅಂತ ಕುಲವಂತ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಬರೀ ನೋಟಿಸ್ ಕೊಟ್ಟು ಅಂಥ ಶಿಕ್ಷೆ ಹಾಕಿಸಿಕೊಂಡ ಬೇರೆ ಪೊಲೀಸ್ ಮನೆಯವರು ಇದನ್ನು ಓದುತ್ತಿದ್ದರೆ ಗಮನಿಸಿ.)

ನಿಮ್ಮ ಮನೆಯವರಿಗೆ ಏನಾಗಿದೆ ನೋಡಿ. 2021ರ ಜನವರಿಯ ಇನ್‌ಕ್ರಿಮೆಂಟ್ ತಡೆದರು. ಬೇಸಿಕ್ 24,050ರಲ್ಲೇ ನಿಂತಿತು. 2022ರ ಜನವರಿಗೆ ಶಿಕ್ಷೆ ಮುಗಿಯಿತು. ಆಗ ಬೇಸಿಕ್ ನೇರವಾಗಿ 25,200 ಆಗಬೇಕಿತ್ತು. ಆಫೀಸಿನಲ್ಲಿ ಆ ವರ್ಷದ ಮಾಮೂಲಿ ಇನ್‌ಕ್ರಿಮೆಂಟ್ ಒಂದನ್ನೇ ಹಾಕಿ 24,600 ಮಾಡಿದರು. ಅಂದರೆ ಸಂಚಿತ ಪರಿಣಾಮವಿಲ್ಲ ಅಂತ ಬರೆದ ಶಿಕ್ಷೆ ಬಿಲ್ಲಿನಲ್ಲಿ ಸಂಚಿತ ಶಿಕ್ಷೆಯಾಗಿ ಕೂತಿತು. ಯಾರೂ ಬೇಕೆಂದು ಮಾಡಿದ್ದಲ್ಲ ಅಂತಲೇ ಇಟ್ಟುಕೊಳ್ಳೋಣ. ಶಿಕ್ಷೆ ಹಾಕುವ ಶಾಖೆ ಒಂದು, ಬಿಲ್ ಮಾಡುವ ಶಾಖೆ ಇನ್ನೊಂದು. ಶಿಕ್ಷೆ ಶುರುವಾದಾಗ ಆದೇಶದ ಪ್ರತಿ ಬಿಲ್ ಶಾಖೆಗೆ ತಪ್ಪದೆ ಹೋಗುತ್ತದೆ. ಮುಗಿದಾಗ ನೆನಪಿಸುವ ಕಾಗದ ಯಾವುದೂ ಹೋಗುವುದಿಲ್ಲ. ನಾನು ನೋಡಿದ ಕಡತಗಳಲ್ಲಿ ಇದು ಪದೇ ಪದೇ ಕಂಡಿರುವ ತಪ್ಪು.

ಆ 600 ರೂಪಾಯಿ ಅಲ್ಲಿಗೇ ನಿಲ್ಲಲಿಲ್ಲ. ಏಳನೇ ವೇತನ ಆಯೋಗ ಬಂದಾಗ 2022ರ ಜುಲೈ 1ರ ಬೇಸಿಕ್ ಹಿಡಿದು, ಶೇ 31 ತುಟ್ಟಿಭತ್ಯೆ ಮತ್ತು ಶೇ 27.5 ಫಿಟ್‌ಮೆಂಟ್ ಸೇರಿಸಿ ಹೊಸ ವೇತನ ನಿಗದಿ ಮಾಡಿದರು. ಹಣ ಕೈಗೆ ಬಂದದ್ದು 2024ರ ಆಗಸ್ಟ್‌ನಿಂದ. 24,600ಕ್ಕೆ 38,991 ಬಂದು 39,300 ಆಯಿತು. 25,200 ಇದ್ದಿದ್ದರೆ 39,942 ಬಂದು 40,300 ಆಗುತ್ತಿತ್ತು. ಎರಡು ವರ್ಷದ ಇನ್‌ಕ್ರಿಮೆಂಟ್ ಸೇರಿ 2024ರ ಆಗಸ್ಟ್‌ಗೆ ನಿಮ್ಮ ಸ್ಲಿಪ್‌ನಲ್ಲಿ 41,300. ಬರಬೇಕಾಗಿದ್ದದ್ದು 42,300. ತಿಂಗಳಿಗೆ 1,000, ಅದರ ಮೇಲಿನ ತುಟ್ಟಿಭತ್ಯೆ ಬೇರೆ. ಹುಡುಗನಿಗಿಂತ ಇವರಿಗೆ ಇದ್ದದ್ದು ಒಂದೇ ಇನ್‌ಕ್ರಿಮೆಂಟ್ ಅಂತರ. ಅದನ್ನು ತಿಂದದ್ದು ಈ ತಪ್ಪು. ನಿಮಗೆ ಇಬ್ಬರ ಬೇಸಿಕ್ಕೂ ಒಂದೇ ಕಂಡದ್ದು ಇದರಿಂದ.

ಇದಕ್ಕೆ ಕೋರ್ಟು ಬೇಡ, ಹೊಸ ಸರ್ಕಾರಿ ಆದೇಶವೂ ಬೇಡ. ಆದೇಶ ಬರೆದದ್ದನ್ನೇ ಜಾರಿ ಮಾಡಿ ಅಂತ ಕೇಳುವುದಷ್ಟೇ. ಅರ್ಜಿಯನ್ನು ನಿಮ್ಮ ಮನೆಯವರೇ ಬರೆಯಬೇಕು, ಠಾಣೆಯ ಇನ್‌ಸ್ಪೆಕ್ಟರ್ ಮೂಲಕ ಎಸ್‌ಪಿಯವರಿಗೆ. ಉದ್ದ ಬೇಡ. ಸುಮಾರು ಹೀಗಿರಲಿ:

'ಉಲ್ಲೇಖಿತ ಆದೇಶದಲ್ಲಿ ನನ್ನ ಒಂದು ವಾರ್ಷಿಕ ವೇತನ ಬಡ್ತಿಯನ್ನು ಸಂಚಿತ ಪರಿಣಾಮವಿಲ್ಲದಂತೆ ಒಂದು ವರ್ಷಕ್ಕೆ ತಡೆಹಿಡಿಯಲಾಗಿತ್ತು. ಸದರಿ ಅವಧಿ 2021ರ ಡಿಸೆಂಬರ್ 31ಕ್ಕೆ ಮುಗಿದಿದೆ. 2022ರ ಜನವರಿ 1ಕ್ಕೆ ನನ್ನ ಮೂಲ ವೇತನ 25,200 ರೂ. ಆಗಬೇಕಿದ್ದು, 24,600 ರೂ.ಗೆ ನಿಗದಿಯಾಗಿದೆ. ತಡೆಹಿಡಿದ ಬಡ್ತಿಯನ್ನು ಪುನಃಸ್ಥಾಪಿಸಿ, ಸೇವಾ ಪುಸ್ತಕ ಮತ್ತು ಎಚ್‌ಆರ್‌ಎಂಎಸ್‌ನಲ್ಲಿ ತಿದ್ದುಪಡಿ ಮಾಡಿ, ವ್ಯತ್ಯಾಸದ ಬಾಕಿ ಮಂಜೂರು ಮಾಡಬೇಕೆಂದು ಕೋರುತ್ತೇನೆ.'

(ಎಚ್‌ಆರ್‌ಎಂಎಸ್ ಅಂದರೆ ಸಂಬಳದ ಬಿಲ್ ಆಗುವ ಕಂಪ್ಯೂಟರ್ ವ್ಯವಸ್ಥೆ.) ಅರ್ಜಿಯ ಜೊತೆ ಶಿಕ್ಷೆಯ ಆದೇಶದ ಪ್ರತಿ, 2020ರ ಡಿಸೆಂಬರ್, 2022ರ ಜನವರಿ ಮತ್ತು 2024ರ ಆಗಸ್ಟ್ ತಿಂಗಳ ಪೇ ಸ್ಲಿಪ್ ಇಡಲಿ. ಔರಾದ್ಕರ್ ವಿಷಯ, ಓಣಿಯ ಹುಡುಗ, ಮನೆಯ ಕಷ್ಟ ಯಾವುದೂ ಇದರಲ್ಲಿ ಬರಬಾರದು. ಒಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಮನೆಯಲ್ಲಿಡಿ. ಅದಿಲ್ಲದಿದ್ದರೆ ಅರ್ಜಿಯೇ ಕೊಟ್ಟಿಲ್ಲ ಅಂತ ನಾಳೆ ಹೇಳಬಹುದು. ಆಗದಿದ್ದರೆ ಬೆಳಗಾವಿಯ ಉತ್ತರ ವಲಯ ಐಜಿಪಿಯವರಿಗೆ ಮನವಿ. ಅರ್ಜಿ ಕೊಟ್ಟು ಆರು ತಿಂಗಳಾದರೂ ಉತ್ತರ ಬರದಿದ್ದರೆ, ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷದೊಳಗೆ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ ಹೋಗಬಹುದು. ಬೆಳಗಾವಿಯಲ್ಲಿ ಪೀಠ ಇದೆ, ಬೆಂಗಳೂರಿಗೆ ಅಲೆಯಬೇಕಿಲ್ಲ. ತಡವಾಯಿತು ಅಂತ ಹೆದರಬೇಡಿ. ತಪ್ಪು ವೇತನ ನಿಗದಿ ಪ್ರತಿ ತಿಂಗಳೂ ಹೊಸದಾಗಿ ಆಗುವ ತಪ್ಪು ಅಂತ ಎಂ.ಆರ್. ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಆದರೆ ತರ್ಸೇಮ್ ಸಿಂಗ್ ಪ್ರಕರಣದ 2008ರ ತೀರ್ಪಿನ ಪ್ರಕಾರ ತಡವಾಗಿ ಹೋದವರಿಗೆ ಸಾಮಾನ್ಯವಾಗಿ ಹಿಂದಿನ ಮೂರು ವರ್ಷದ ಬಾಕಿ ಮಾತ್ರ ಸಿಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಸುಮ್ನೆ ಕೂತ ಒಂದೊಂದು ತಿಂಗಳೂ ಹಿಂದಿನ ಒಂದು ತಿಂಗಳ ಬಾಕಿ ಕೈಬಿಟ್ಟು ಹೋಗುತ್ತದೆ.

ಅದೇ ಸೇವಾ ಪುಸ್ತಕದಲ್ಲಿ ಇನ್ನೊಂದನ್ನೂ ನೋಡಲಿ. 2022ರ ಜನವರಿಗೆ ಅವರಿಗೆ ಹತ್ತು ವರ್ಷ ತುಂಬಿತು. ಬಡ್ತಿ ಇಲ್ಲದೆ ಒಂದೇ ಹುದ್ದೆಯಲ್ಲಿ ಹತ್ತು ವರ್ಷ ಕಳೆದ ಅರ್ಹರಿಗೆ 1983ರ ನಿಯಮಗಳ ಪ್ರಕಾರ ಕಾಲಮಿತಿ ವೇತನ ಬಡ್ತಿ ಕೊಡಬೇಕು. ಶಿಕ್ಷೆ ಚಾಲ್ತಿಯಲ್ಲಿದ್ದಾಗ ಅದನ್ನು ತಡೆದಿಡುತ್ತಾರೆ, ಮುಗಿದ ಮೇಲೆ ತೆಗೆದುಕೊಳ್ಳುವುದು ಮರೆತುಹೋಗುತ್ತದೆ. ನಿಮ್ಮ ಸ್ಲಿಪ್ ನೋಡಿದರೆ ಇವರಿಗೆ ಅದೂ ಆದ ಹಾಗೆ ಕಾಣುವುದಿಲ್ಲ. ಇದಕ್ಕೆ ಬೇರೆಯೇ ಅರ್ಜಿ ಕೊಡಲಿ. 15 ವರ್ಷಕ್ಕೆ ಹಿರಿಯ ವೇತನ ಶ್ರೇಣಿ ಇದೆ, 20 ವರ್ಷಕ್ಕೆ ಹೆಚ್ಚುವರಿ ಇನ್‌ಕ್ರಿಮೆಂಟ್ ಇದೆ. ಹತ್ತರದ್ದು ಸರಿಯಾಗದೆ ಮುಂದಿನದಕ್ಕೂ ತೊಡಕಾಗುತ್ತದೆ.

ವಸೂಲಿಯ ಭಯ. ಇದು ನಿಮ್ಮ ಮನೆಯವರೊಬ್ಬರದ್ದೇ ಅಲ್ಲ, ಹಾವೇರಿಯಿಂದ ಬಂದವರೂ ಇದನ್ನೇ ಹೇಳುತ್ತಾರೆ. ಈ ವಿಷಯದಲ್ಲಿ ಹೆಚ್ಚು ಪಾವತಿ ಆಗಿಯೇ ಇಲ್ಲ, ಕಡಿಮೆ ಆಗಿದೆ. ವಸೂಲಿಗೆ ಏನೂ ಇಲ್ಲ. ಇನ್ನು ಎಲ್ಲೋ ಹಳೆಯದೊಂದು ತಪ್ಪು ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ನೌಕರ ಮೋಸ ಮಾಡದೆ, ಆಫೀಸಿನ ತಪ್ಪಿನಿಂದ ಹೆಚ್ಚು ಹಣ ಬಂದಿದ್ದರೆ ಅದನ್ನು ಸಿ ಮತ್ತು ಡಿ ದರ್ಜೆಯ ನೌಕರರಿಂದ ವಸೂಲು ಮಾಡುವ ಹಾಗಿಲ್ಲ ಅಂತ ರಫೀಕ್ ಮಸೀಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ಹೇಳಿದೆ. ಕಾನ್‌ಸ್ಟೆಬಲ್ ಸಿ ದರ್ಜೆಯವರು. ಧೈರ್ಯವಾಗಿ ಅರ್ಜಿ ಹಾಕಲಿ.

ಈಗ ನಿಮ್ಮ ಧರಣಿಯ ಮಾತು. ಇದನ್ನು ಎಚ್ಚರಿಕೆಯಿಂದ ಓದಿ.

1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ ಇದೆ. ಪೊಲೀಸರು ಅನುಮತಿ ಇಲ್ಲದೆ ಕಾರ್ಮಿಕ ಸಂಘ ಸೇರುವ ಹಾಗಿಲ್ಲ, ಪತ್ರಿಕೆಯವರ ಮುಂದೆ ಮಾತಾಡುವ ಹಾಗಿಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನೀವು ಪೊಲೀಸ್ ಅಲ್ಲ, ಈ ಕಾಯ್ದೆ ನಿಮಗೆ ತಾಗುವುದಿಲ್ಲ. ಒಬ್ಬ ನಾಗರಿಕಳಾಗಿ ಮುಖ್ಯಮಂತ್ರಿಗೆ, ಗೃಹ ಸಚಿವರಿಗೆ, ನಿಮ್ಮ ಶಾಸಕರಿಗೆ ಮನವಿ ಕೊಡುವ ಹಕ್ಕು ನಿಮಗಿದೆ. ನಾಲ್ಕು ಹೆಣ್ಣುಮಕ್ಕಳು ಸೇರಿ ಡಿಸಿಯವರಿಗೆ ಮನವಿ ಕೊಡುವುದೂ ತಪ್ಪಲ್ಲ. ಆದರೆ ಡ್ಯೂಟಿಗೆ ಹೋಗಬೇಡಿ, ಎಲ್ಲರೂ ರಜೆ ಹಾಕಿ ಅನ್ನುವ ಮಾತು ನಿಮ್ಮ ಬಾಯಿಂದಾಗಲಿ, ಫೋನಿನಿಂದಾಗಲಿ ಬರಬಾರದು. 2016ರಲ್ಲಿ ಸಾಮೂಹಿಕ ರಜೆಗೆ ಕರೆಕೊಟ್ಟ ಮುಖಂಡರ ಮೇಲೆ ರಾಜದ್ರೋಹದ ಕೇಸು ಹಾಕಿ ಬಂಧಿಸಿದ್ದರು. ಮನೆಯವರ ಇಲಾಖಾ ವಾಟ್ಸಾಪ್ ಗ್ರೂಪಿಗೆ ನಿಮ್ಮ ಮನವಿಯನ್ನು ಅವರ ಫೋನಿನಿಂದ ಕಳಿಸುವುದೂ ಬೇಡ. ನಾಳೆ ಅದೇ ಒಂದು ನೋಟಿಸ್ ಆಗುತ್ತದೆ.

ಇಂಗ್ಲೆಂಡಿನದ್ದು ನೀವು ಕೇಳಿದ್ದು ನಿಜ. ಅಲ್ಲೂ ಪೊಲೀಸರು ಮುಷ್ಕರ ಮಾಡುವ ಹಾಗಿಲ್ಲ. 1918 ಮತ್ತು 1919ರ ಮುಷ್ಕರಗಳ ನಂತರ 1919ರ ಕಾಯ್ದೆಯಲ್ಲೇ ಅದನ್ನು ನಿಷೇಧಿಸಿದರು. ಆದರೆ ಅದೇ ಕಾಯ್ದೆಯಲ್ಲಿ ಪೊಲೀಸ್ ಫೆಡರೇಶನ್ ಅನ್ನುವ ಸಂಸ್ಥೆಯನ್ನೂ ಕೊಟ್ಟರು. ಸಂಬಳದ ಮಾತುಕತೆ ಮುರಿದರೆ ಪಂಚಾಯ್ತಿಗೆ, ಅಂದರೆ ಮಧ್ಯಸ್ಥಿಕೆಗೆ, ಹೋಗುವ ವ್ಯವಸ್ಥೆಯೂ ಮುಂದೆ ಬಂತು. 2007ರಲ್ಲಿ ಆ ಪಂಚಾಯ್ತಿ ಮಂಡಳಿ ಶೇ 2.5 ಏರಿಕೆಯನ್ನು ಸೆಪ್ಟೆಂಬರ್ 1ರಿಂದ ಕೊಡಿ ಅಂದಿತು. ಗೃಹ ಸಚಿವೆ ಜಾಕಿ ಸ್ಮಿತ್ ಡಿಸೆಂಬರ್ 1ರಿಂದ ಮಾತ್ರ ಕೊಡುತ್ತೇನೆ ಅಂದರು. ಮೂರು ತಿಂಗಳು ತಡ ಮಾಡಿದ್ದರಿಂದ ಆ ವರ್ಷದ ಏರಿಕೆ ಶೇ 1.9ಕ್ಕೆ ಇಳಿಯಿತು. ಪಕ್ಕದ ಸ್ಕಾಟ್ಲೆಂಡ್ ಸರ್ಕಾರ ಪೂರ್ತಿ ಕೊಟ್ಟಿತು. ಅದಕ್ಕೇ 2008ರ ಜನವರಿಯಲ್ಲಿ 20,000ಕ್ಕೂ ಹೆಚ್ಚು ಪೊಲೀಸರು ಡ್ಯೂಟಿ ಇಲ್ಲದ ಹೊತ್ತಲ್ಲಿ, ಸಮವಸ್ತ್ರ ಇಲ್ಲದೆ ಲಂಡನ್‌ನಲ್ಲಿ ನಡೆದರು. ಕೋರ್ಟಿಗೂ ಹೋದರು, ಅಲ್ಲಿ ಗೆಲ್ಲಲಿಲ್ಲ.

ಅವರು ಜಗಳವಾಡಿದ್ದು ಮೂರು ತಿಂಗಳ ತಡಕ್ಕೆ. ಔರಾದ್ಕರ್ ವರದಿ ಜಾರಿಯಾಗಲು ನಮ್ಮ ಪೊಲೀಸರು ಸುಮಾರು ಮೂರು ವರ್ಷ ಕಾದರು. ನಮ್ಮ ಸೈನ್ಯಕ್ಕೆ, ಪೊಲೀಸರಿಗೆ ಶಿಸ್ತು ಬೇಕು ಅಂತ ಸಂವಿಧಾನದ 33ನೇ ವಿಧಿಯೇ ಅವರ ಹಕ್ಕುಗಳನ್ನು ಮಿತಿಗೊಳಿಸಲು ಸಂಸತ್ತಿಗೆ ಅವಕಾಶ ಕೊಟ್ಟಿದೆ. ಅದನ್ನು ನಾನು ಒಪ್ಪುತ್ತೇನೆ. ಬಂದೂಕು ಕೈಯಲ್ಲಿರುವವರು ಬೀದಿಗಿಳಿದರೆ ಊರಿಗೆ ಒಳ್ಳೆಯದಲ್ಲ. ಆದರೆ ಸಂಘ ಬೇಡ ಅಂದ ಸರ್ಕಾರ, ಸಂಬಳದ ಅಹವಾಲು ಕೇಳಲು ಒಂದು ಕಾಯಂ ಜಾಗವನ್ನು ಕೊಡಲೇಬೇಕಿತ್ತು. ಶಿಕ್ಷಕರು, ಕಂದಾಯ ಇಲಾಖೆಯವರು ತಮ್ಮ ಸಂಘದ ಮೂಲಕ ಮಂತ್ರಿಗಳ ಮುಂದೆ ಕೂತು ಮಾತಾಡುತ್ತಾರೆ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದ ದಿನವೇ ಶೇ 17 ಮಧ್ಯಂತರ ಪರಿಹಾರದ ಆದೇಶ ಬಂತು. ಅದು ಪೊಲೀಸರಿಗೂ ಸಿಕ್ಕಿತು, ಆದರೆ ಬೇರೆಯವರು ಕೇಳಿದ್ದರಿಂದ ಸಿಕ್ಕಿತು. ಪೊಲೀಸರಿಗೆ ಮಾತ್ರ ಆದ ಅನ್ಯಾಯವನ್ನು ಕೇಳುವವರು ಯಾರು? ಠಾಣೆಯ ಅಹವಾಲು ಸಭೆಯಲ್ಲಿ ಕಾನ್‌ಸ್ಟೆಬಲ್ ಎದ್ದು ನಿಂತು ಸ್ಕೇಲ್ ಬಗ್ಗೆ ಕೇಳಲು ಆಗುತ್ತದಾ? ಎಸ್‌ಪಿಯವರ ಕೈಯಲ್ಲಿ ಅದಕ್ಕೆ ಪರಿಹಾರವೂ ಇಲ್ಲ.

ಹಾಗಾಗಿ ನಿಮ್ಮ ಮನವಿಯಲ್ಲಿ ಎರಡೇ ಬೇಡಿಕೆ ಇರಲಿ. 2019ರ ಆಗಸ್ಟ್ 1ಕ್ಕೆ ಮೊದಲು ಸೇರಿದ ಕಾನ್‌ಸ್ಟೆಬಲ್‌ಗಳಿಗೆ ಸೇವಾ ವರ್ಷಗಳಿಗೆ ತಕ್ಕ ಹೆಚ್ಚುವರಿ ಇನ್‌ಕ್ರಿಮೆಂಟ್ ಕೊಟ್ಟು ವೇತನ ಮರುನಿಗದಿ ಮಾಡಬೇಕು. ಪೊಲೀಸರ ವೇತನದ ಅಹವಾಲು ಕೇಳಲು ಆರ್ಥಿಕ ಇಲಾಖೆಯವರೂ ಇರುವ ಕಾಯಂ ಸಮಿತಿ ಬೇಕು. ಮೇಲೆ ನಾನು ಬರೆದ 12,750ರಿಂದ 23,500ರವರೆಗಿನ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಹಾಗೇ ಇಳಿಸಿ ಮನವಿಗೆ ಲಗತ್ತಿಸಿ. ಹೆಸರು, ಬಕ್ಕಲ್ ನಂಬರ್ (ಪೊಲೀಸರ ಗುರುತಿನ ಸಂಖ್ಯೆ) ಯಾವುದೂ ಬೇಡ. ಅನ್ಯಾಯ ಆಗಿದೆ ಅಂತ ಹತ್ತು ಸಲ ಬರೆಯುವುದಕ್ಕಿಂತ ಆ ಅಂಕಿಗಳು ಹೆಚ್ಚು ಕೆಲಸ ಮಾಡುತ್ತವೆ.

ಕೊನೆಗೆ ಮಾವನವರದ್ದು. ಇದು ಮೂರರಲ್ಲಿ ಅತಿ ಸುಲಭ. ಜೂನ್ 30ಕ್ಕೆ ನಿವೃತ್ತಿ, ಜುಲೈ 1ಕ್ಕೆ ಇನ್‌ಕ್ರಿಮೆಂಟ್. ಜುಲೈ 1ರಂದು ನೀವು ಸೇವೆಯಲ್ಲೇ ಇಲ್ಲ ಅಂತ ವರ್ಷಗಟ್ಟಲೆ ಸಾವಿರಾರು ಜನರಿಗೆ ಇಲ್ಲ ಅಂದರು. ನಮ್ಮ ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ನೌಕರರ ಪ್ರಕರಣವೇ ಇದನ್ನು ಬದಲಿಸಿತು. ಸಿ.ಪಿ. ಮುಂಡಿನಮನಿ ಪ್ರಕರಣದಲ್ಲಿ 2023ರ ಏಪ್ರಿಲ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇನ್‌ಕ್ರಿಮೆಂಟ್ ಬರುವುದು ಕಳೆದ ಒಂದು ವರ್ಷ ಒಳ್ಳೆಯ ನಡತೆಯಿಂದ ಮಾಡಿದ ಸೇವೆಗೆ. ಆ ವರ್ಷ ಪೂರ್ತಿ ಮುಗಿಸಿದ ಮೇಲೆ ಮಾರನೇ ದಿನ ನಿವೃತ್ತಿ ಅನ್ನುವ ಕಾರಣಕ್ಕೆ ಅದನ್ನು ಕಿತ್ತುಕೊಳ್ಳಬಾರದು. ಆಮೇಲೆ 2025ರ ಫೆಬ್ರುವರಿ 20ರಂದು ಇನ್ನೊಂದು ಆದೇಶದಲ್ಲಿ ಸ್ಪಷ್ಟನೆ ಬಂತು. ಆ ಮೊದಲು ಕೋರ್ಟಿಗೆ ಹೋಗದೆ ಇದ್ದವರಿಗೆ, ಒಂದು ಇನ್‌ಕ್ರಿಮೆಂಟ್ ಸೇರಿಸಿದ ಪಿಂಚಣಿ 2023ರ ಮೇ 1ರಿಂದ ಸಿಗುತ್ತದೆ. ಅದಕ್ಕೂ ಹಿಂದಿನ ಬಾಕಿ ಸಿಗುವುದಿಲ್ಲ.

ಮಾವನವರು 2021ರಲ್ಲಿ ನಿವೃತ್ತರು, ಕೋರ್ಟಿಗೆ ಹೋದವರಲ್ಲ. ಅಂದರೆ 2021ರ ಜುಲೈನಿಂದ 2023ರ ಏಪ್ರಿಲ್‌ವರೆಗಿನದ್ದು ಹೋಯಿತು, ಅಲ್ಲಿಂದ ಮುಂದಿನದ್ದು ಕೇಳಬಹುದು. ಅರ್ಜಿಯನ್ನು ಅವರು ಕೊನೆಗೆ ಕೆಲಸ ಮಾಡಿದ ಜಿಲ್ಲೆಯ ಎಸ್‌ಪಿ ಆಫೀಸಿಗೇ ಕೊಡಬೇಕು. ಪರಿಷ್ಕೃತ ಪಿಂಚಣಿ ಪ್ರಸ್ತಾವ ಅಲ್ಲಿಂದಲೇ ಮಹಾಲೇಖಪಾಲರ ಕಚೇರಿಗೆ ಹೋಗುತ್ತದೆ. ಖಜಾನೆಗೋ ಬ್ಯಾಂಕಿಗೋ ಕೊಟ್ಟರೆ ಅವರೇನೂ ಮಾಡಲು ಬರುವುದಿಲ್ಲ. ಎರಡೂ ಆದೇಶಗಳ ಪ್ರತಿ, ಪಿಂಚಣಿ ಪಾವತಿ ಆದೇಶ, 2020ರ ಜುಲೈ 1ರ ಇನ್‌ಕ್ರಿಮೆಂಟ್ ನಮೂದಾಗಿರುವ ಸೇವಾ ಪುಸ್ತಕದ ಪುಟ, 2021ರ ಜೂನ್ ತಿಂಗಳ ಪೇ ಸ್ಲಿಪ್ ಇಷ್ಟು ಲಗತ್ತಿಸಲಿ. ಕೊನೆಯ ವರ್ಷ ಅವರ ಮೇಲೆ ಯಾವ ಶಿಕ್ಷೆಯೂ ಇರಲಿಲ್ಲ ಅನ್ನುವುದನ್ನು ಅರ್ಜಿಯಲ್ಲಿ ಒಂದು ಸಾಲು ಬರೆಯಲಿ, ಮೊದಲು ನೋಡುವುದು ಅದನ್ನೇ. ಕುಟುಂಬ ಪಿಂಚಣಿಯ ಲೆಕ್ಕವೂ ಇದರಿಂದಲೇ ಬದಲಾಗುತ್ತದೆ. ಆದ್ದರಿಂದ ನಿಮ್ಮ ಅತ್ತೆಯವರ ಹೆಸರು ಪಿಂಚಣಿ ಪಾವತಿ ಆದೇಶದಲ್ಲಿ ಆಧಾರ್‌ನಲ್ಲಿರುವ ಹಾಗೆಯೇ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ತಿದ್ದುವುದಿದ್ದರೆ ಅದೇ ಅರ್ಜಿಯ ಜೊತೆ ತಿದ್ದಿಸಬಹುದು.